ತಾಳ್ಮೆ ಯಾರಿಗೆ? ಛಲ ಯಾರದು?

ಕನ್ನಡದಲ್ಲಿ ‘ತಾಳು’ ಎನ್ನುವ ಮಾತಿಗೆ ಎರಡು ಅರ್ಥ. ಒಂದು, ನೋವು ಸಹಿಸು. ಇನ್ನೊಂದು, ಸ್ವಲ್ಪ ನಿಲ್ಲು, ಈಗಲೇ ಕೇಳಬೇಡ. ದಣಿ ಆಳಿಗೆ ಹೇಳುವಾಗ ಈ ಎರಡೂ ಅರ್ಥ ಒಟ್ಟಿಗೇ ಬರುತ್ತವೆ. ಕೂಲಿ ಕೇಳಲು ಹೋದವನಿಗೆ ‘ತಾಳು ಮಾರಾಯ’. ಪೆಟ್ಟು ತಿಂದು ಬಂದವನಿಗೆ ‘ತಾಳಿಕೋ ಮಾರಾಯ’. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಮ್ಮ ಕೇರಿಯವರು ಕಟ್ಟಿರಲಾರರು. ತಾಳಿ ತಾಳಿ ಬಾಳದೇ ಹೋದವರ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕ್ರೈಸ್ತ ಉಪದೇಶ ಸಾಹಿತ್ಯದಲ್ಲಿ ಈ ಮಾತಿಗೆ ಎತ್ತರದ ಪೀಠವಿದೆ. ತಾಳ್ಮೆ, ಸೈರಣೆ, ಸ್ಥಿರತೆ, ದೃಢ ವಿಶ್ವಾಸ ಎಂದು ಪ್ರಸಂಗಗಳಲ್ಲಿ, ಕರಪತ್ರಗಳಲ್ಲಿ, ಸಂತರ ಚರಿತ್ರೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಸ ಒಡಂಬಡಿಕೆಯ ಮೂಲವಾದ ಗ್ರೀಕ್ ಭಾಷೆಯಲ್ಲಿ ಈ ಜಾಗದಲ್ಲಿರುವ ಪದ ‘ಹುಪೊಮೊನೆ’. ಭಾರದ ಕೆಳಗೆ ಸಿಕ್ಕರೂ ಜಾಗ ಬಿಡದೆ ನಿಲ್ಲುವುದು ಎಂಬ ಅರ್ಥ ಅದರ ಬೇರಿನಲ್ಲೇ ಇದೆ. ಸುಮ್ಮನೆ ಬಗ್ಗಿ ಹೊರುವುದು ಬೇರೆ, ಕಾಲೂರಿ ನಿಲ್ಲುವುದು ಬೇರೆ. ಆ ಪದದಲ್ಲಿ ಎರಡನೆಯದು ಇದೆ. ನಮ್ಮ ಕನ್ನಡದಲ್ಲಿ ಅದಕ್ಕೆ ಹತ್ತಿರವಾದ ಮಾತು ತಾಳ್ಮೆ ಅಲ್ಲ, ಛಲ.

ನನ್ನ ವಾದ ಇಷ್ಟೆ. ಕ್ರೈಸ್ತ ಕಥನದಲ್ಲಿ ತಾಳ್ಮೆಯೂ ಇದೆ, ಛಲವೂ ಇದೆ. ಹಂಚುವಾಗ ಮೋಸವಾಗಿದೆ. ಛಲದ ಕಥೆಗಳೆಲ್ಲ ಪಾದ್ರಿಗಳ ಪಾಲಿಗೆ, ಕುಲಸ್ಥ ಮನೆತನಗಳ ಪಾಲಿಗೆ ಹೋದವು. ತಾಳ್ಮೆಯ ಉಪದೇಶ ಬಡವನ ಪಾಲಿಗೆ ಬಂತು. ಕೇರಿಯಿಂದ ಎದ್ದು ಹೋಗಿ ಶಿಲುಬೆ ಹಿಡಿದವನ ಛಲಕ್ಕೆ ಪುಸ್ತಕದಲ್ಲಿ ಹೆಸರಿಲ್ಲ, ಕಾನೂನಿನಲ್ಲಿ ಬೆಲೆಯಿಲ್ಲ. ಇದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಸಾಕು.

ಬೆನ್ನಿನ ಹೊರೆ

ಮೊದಲು ಒಂದು ಪುಸ್ತಕದಿಂದ ಶುರುಮಾಡೋಣ. ಜಾನ್ ಬನ್ಯನ್‌ನ ಯಾತ್ರಿಕನ ಕಥೆಯ ಮೊದಲ ಭಾಗ ಇಂಗ್ಲಿಷಿನಲ್ಲಿ 1678ರಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1840ರ ದಶಕದಲ್ಲೇ ಅದನ್ನು ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದರು. ‘ಮಂಗಳೂರ ಸಮಾಚಾರ’ ಪತ್ರಿಕೆ 1843ರಲ್ಲಿ ಹೊರಟದ್ದೂ ಅದೇ ದಶಕದಲ್ಲಿ. ನಮ್ಮ ಸಾಹಿತ್ಯ ಚರಿತ್ರೆಗಳು ಈ ಪುಸ್ತಕವನ್ನು ಗದ್ಯದ ಬೆಳವಣಿಗೆ ಎಂಬ ಅಧ್ಯಾಯದಲ್ಲಿ ಒಂದು ಸಾಲು ಬರೆದು ಮುಗಿಸುತ್ತವೆ. ಅದರೊಳಗೆ ಏನಿದೆ ಎಂದು ನೋಡುವ ಗೋಜಿಗೆ ಹೋದವರು ಕಡಿಮೆ.

ಬನ್ಯನ್ ಪಾತ್ರೆ ಪಗಡೆ ರಿಪೇರಿ ಮಾಡುವವನ ಮಗ. ತಾನೂ ಅದೇ ಕಸುಬಿನವನು. ಪರವಾನಗಿ ಇಲ್ಲದೆ ಉಪದೇಶ ಮಾಡಿದ ಎಂಬ ತಪ್ಪಿಗೆ 1660ರಲ್ಲಿ ಹಿಡಿದು ಜೈಲಿಗೆ ಹಾಕಿದರು. ಇನ್ನು ಉಪದೇಶ ಮಾಡುವುದಿಲ್ಲ ಎಂದು ಒಪ್ಪಿಕೊಂಡರೆ ಬಿಡುತ್ತಿದ್ದರು. ಒಪ್ಪಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ಮಗಳಿದ್ದಳು. ಜೈಲಿನಲ್ಲೇ ಲಾಡಿ ಮಾಡಿ ಮಾರಿ ಮನೆಗೆ ಕಾಸು ಕಳಿಸಿದ. ಹೀಗೆ ಹನ್ನೆರಡು ವರ್ಷ ಇದ್ದ. ತಾಳ್ಮೆಯ ದೊಡ್ಡ ಗ್ರಂಥ ಅಂತ ಜಗತ್ತು ಒಪ್ಪಿದ ಪುಸ್ತಕದ ಹಿಂದೆ ಇರುವುದು ಸರ್ಕಾರಕ್ಕೆ ಮಣಿಯದ ಒಬ್ಬ ಕಸುಬುದಾರನ ಛಲ. ಉಪದೇಶಕರು ಇದನ್ನು ಹೇಳುವುದಿಲ್ಲ.

ಕಥೆಯಲ್ಲಿ ಯಾತ್ರಿಕನ ಬೆನ್ನ ಮೇಲೆ ಒಂದು ಹೊರೆ. ನಾಶಕ್ಕೆ ಗುರಿಯಾದ ತನ್ನ ಊರು ಬಿಟ್ಟು, ಕೆಸರು ದಾಟಿ, ಬೆಟ್ಟ ಹತ್ತಿ ಹೋಗುತ್ತಾನೆ. ಶಿಲುಬೆಯ ಬುಡಕ್ಕೆ ಬಂದಾಗ ಹೊರೆ ತಾನಾಗಿ ಕಳಚಿ ಉರುಳುತ್ತದೆ. ಬನ್ಯನ್ ಪಾಲಿಗೆ ಆ ಹೊರೆ ಪಾಪ. ಹೊತ್ತವನದೇ ಪಾಪ. ಇದನ್ನು ಕರಾವಳಿಯ ಮೂಲದಾಳು ಓದಿದ್ದರೆ, ಯಾರೋ ಓದಿ ಹೇಳಿದ್ದನ್ನು ಕೇಳಿದ್ದರೆ, ಏನೆಂದುಕೊಳ್ಳುತ್ತಿದ್ದ? ಅವನ ಬೆನ್ನ ಮೇಲೂ ಹೊರೆ ಇತ್ತು. ಗೊಬ್ಬರದ ಹೊರೆ, ಭತ್ತದ ಹೊರೆ, ಸತ್ತ ದನದ ಹೊರೆ. ಅದನ್ನು ಅವನು ಪಾಪ ಮಾಡಿ ಸಂಪಾದಿಸಿದ್ದಲ್ಲ. ಬೇರೆಯವರು ಎತ್ತಿ ಹೊರಿಸಿದ್ದು. ಹೊರಿಸಿದವನ ಹೆಸರೂ ಗೊತ್ತು, ಮನೆಯೂ ಗೊತ್ತು.

ಇಲ್ಲೇ ಅಂಬೇಡ್ಕರ್ ನೆನಪಾಗುತ್ತಾರೆ. ಅಸ್ಪೃಶ್ಯರ ನಡುವೆ ಮಿಶನರಿಗಳ ಕೆಲಸ ಮತ್ತು ಮತಾಂತರಗೊಂಡವರ ಸ್ಥಿತಿ ಕುರಿತು ಅವರು ಬರೆದಿಟ್ಟ ಬರಹಗಳು ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅಚ್ಚಾದವು. ಅಲ್ಲಿ ಅವರು ಎತ್ತುವ ಆಕ್ಷೇಪ ಇದೇ. ನಿನ್ನ ದುಸ್ಥಿತಿಗೆ ನಿನ್ನ ಪಾಪವೇ ಕಾರಣ ಎಂದು ಕಲಿಸಿದರೆ, ಸುತ್ತಲಿನ ಅನ್ಯಾಯದ ವ್ಯವಸ್ಥೆಯ ವಿರುದ್ಧ ಏಳುವ ಮನಸ್ಸೇ ಅವನಲ್ಲಿ ಹುಟ್ಟುವುದಿಲ್ಲ ಎನ್ನುತ್ತಾರೆ. ಕರ್ಮ ಸಿದ್ಧಾಂತ ಹಿಂದಿನ ಜನ್ಮದ ಲೆಕ್ಕ ತೋರಿಸಿ ಬಾಯಿ ಮುಚ್ಚಿಸಿತು. ಪಾಪದ ಸಿದ್ಧಾಂತ ಆದಿಪುರುಷನ ಲೆಕ್ಕ ತೋರಿಸಿತು. ಎರಡರಲ್ಲೂ ಭೂಮಾಲೀಕನ ಲೆಕ್ಕದ ಪುಸ್ತಕ ಮಾತ್ರ ಮುಚ್ಚಿಯೇ ಉಳಿಯಿತು.

ಆದರೂ ಆ ಪುಸ್ತಕವನ್ನು ನಾನು ಎಸೆಯುವುದಿಲ್ಲ. ಅದರಲ್ಲಿ ಒಂದು ದೊಡ್ಡ ಸಂಗತಿ ಇದೆ. ಅವನು ಎದ್ದು ಹೊರಡುತ್ತಾನೆ. ಈ ಊರಿನಲ್ಲಿ ಇರಲಾರೆ ಅಂತ ತೀರ್ಮಾನಿಸುತ್ತಾನೆ. ನೆರೆಯವರು ಹಿಂದಕ್ಕೆ ಕರೆದರೂ ತಿರುಗುವುದಿಲ್ಲ. ಊರು ಬಿಡುವ ಆ ಧೈರ್ಯವೇ ಮತಾಂತರದ ತಿರುಳು. ಒಂದೇ ಕೊರತೆ: ಬನ್ಯನ್‌ನ ಯಾತ್ರಿಕ ಹೆಂಡತಿ ಮಕ್ಕಳನ್ನು ಬಿಟ್ಟು ಒಬ್ಬನೇ ಓಡುತ್ತಾನೆ. ಅವರು ಹೊರಡಲು 1684ರ ಎರಡನೇ ಭಾಗ ಬರಬೇಕಾಯಿತು. ಕೇರಿಯಿಂದ ಒಬ್ಬನೇ ಮುಕ್ತನಾಗಲು ಸಾಧ್ಯವಿಲ್ಲ. ಹೊರಟರೆ ಮಡಕೆ ಕುಡಿಕೆ, ಮಕ್ಕಳು ಮರಿ ಸಮೇತ ಹೊರಡಬೇಕು.

ಆಲದ ಮರದ ಕೆಳಗೆ

ಈಗ ಕಂಕನಾಡಿಗೆ ಬರೋಣ. ಇಲ್ಲಿ ಕ್ರೈಸ್ತ ಛಲಕ್ಕೆ ಒಂದು ಹೆಸರಿದೆ: ಫಾದರ್ ಅಗಸ್ಟಸ್ ಮುಲ್ಲರ್. ಜರ್ಮನಿಯ ಜೆಸ್ವಿಟ್ ಪಾದ್ರಿ. 1880ರಲ್ಲಿ ಇಲ್ಲಿನ ಒಂದು ಆಲದ ಮರದ ಕೆಳಗೆ ಹೋಮಿಯೋಪತಿ ಔಷಧಿ ಹಂಚಲು ಶುರುಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. 1895ರಲ್ಲಿ ಆಸ್ಪತ್ರೆ. ಪ್ಲೇಗ್ ಹಬ್ಬಿದಾಗ 1902ರಲ್ಲಿ ಅದಕ್ಕೂ ಬೇರೆ ಆಸ್ಪತ್ರೆ. 1910ರಲ್ಲಿ ಇಲ್ಲೇ ತೀರಿಕೊಂಡರು. ಇವತ್ತು ಅದು ಮೆಡಿಕಲ್ ಕಾಲೇಜು, ಹೋಮಿಯೋಪತಿ ಕಾಲೇಜು, ನರ್ಸಿಂಗ್ ಕಾಲೇಜು ಎಲ್ಲ ಇರುವ ಊರೊಳಗಿನ ಊರು.

ಈ ಕೆಲಸವನ್ನು ಸಣ್ಣದು ಮಾಡುವವನು ಮೂರ್ಖ. ಹುಟ್ಟಿದ ಮನೆಯವರೇ ಹೊರಗೆ ಹಾಕಿದ ದೇಹಗಳನ್ನು ಒಬ್ಬ ಪರದೇಶಿ ಬಂದು ಮುಟ್ಟಿದ. ಮುಟ್ಟುವುದು ಎಂದರೆ ಏನು ಅಂತ ಮುಟ್ಟಿಸಿಕೊಳ್ಳದವರಿಗೆ ಮಾತ್ರ ಗೊತ್ತು. ನನ್ನ ತಕರಾರು ಮುಲ್ಲರ್ ಮೇಲಲ್ಲ, ಆ ಕಥೆ ಹೇಳುವ ರೀತಿಯ ಮೇಲೆ. ಅದರಲ್ಲಿ ಛಲದವನು ಒಬ್ಬನೇ, ವೈದ್ಯ. ರೋಗಿಗಳೆಲ್ಲ ಹಿನ್ನೆಲೆಯ ಗುಂಪು. ಬೆರಳು ಉದುರಿದ ಕೈಯಲ್ಲಿ ಬಟ್ಟಲು ಹಿಡಿದು, ಹಗಲು ಹೊತ್ತು ದಾರಿಯಲ್ಲಿ ನಡೆಯಲೂ ಹೆದರಿ ಬಂದು, ದಿನಾ ಬೆಳಿಗ್ಗೆ ಏಳುವುದು ಯಾವ ಲೆಕ್ಕದಲ್ಲಿ ಛಲ ಅಲ್ಲ? ಅವರ ಒಂದು ಮಾತನ್ನೂ ನಾವು ಬರೆದಿಟ್ಟುಕೊಂಡಿಲ್ಲ. ಕೊಟ್ಟವನ ಹೆಸರು ಕಲ್ಲಿನಲ್ಲಿ, ಪಡೆದವನ ಹೆಸರು ಗಾಳಿಯಲ್ಲಿ.

ಕುಷ್ಠಕ್ಕೆ 1940ರ ದಶಕದಲ್ಲಿ ಡ್ಯಾಪ್ಸೋನ್ ಬಂತು. 1980ರ ದಶಕದಲ್ಲಿ ಮೂರು ಔಷಧಿ ಸೇರಿಸಿ ಕೊಡುವ ಚಿಕಿತ್ಸೆ ಬಂತು, ರೋಗ ವಾಸಿಯಾಯಿತು. ಆದರೆ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣ ಎನ್ನುತ್ತಿದ್ದ ಮಾತು ನಮ್ಮ ಮದುವೆ ಕಾನೂನುಗಳಿಂದ ಹೋದದ್ದು 2019ರಲ್ಲಿ. ಹಿಂದೂ ಕಾನೂನಿನಲ್ಲೂ ಇತ್ತು, ಕ್ರೈಸ್ತರ 1869ರ ಕಾಯ್ದೆಯಲ್ಲೂ ಇತ್ತು. ರೋಗ ಬಿಟ್ಟರೂ ಕಳಂಕ ಬಿಡಲಿಲ್ಲ. ಕಳಂಕಕ್ಕೆ ಮದ್ದು ಕೊಡುವ ಡಾಕ್ಟರು ಇನ್ನೂ ಹುಟ್ಟಿಲ್ಲ. ಜಾತಿಯಾದರೋ ರೋಗವಿಲ್ಲದ ಕಳಂಕ. ಅದಕ್ಕೆ ಧರ್ಮಾರ್ಥ ಆಸ್ಪತ್ರೆ ಸಾಲುವುದಿಲ್ಲ.

ಸೆರೆಯಲ್ಲೂ ಕಳೆಯದ ಜಾತಿ

ಮಂಗಳೂರಿನ ಕ್ಯಾಥೊಲಿಕರ ನೆನಪಿನಲ್ಲಿ ಛಲದ ಇನ್ನೊಂದು ಮಹಾಕಥೆ ಇದೆ, ಶ್ರೀರಂಗಪಟ್ಟಣದ ಸೆರೆ. 1784ರಲ್ಲಿ ಟಿಪ್ಪು ಅವರನ್ನು ಹಿಡಿಸಿ ಘಟ್ಟ ಹತ್ತಿಸಿದ. ಹೋದವರೆಷ್ಟು ಎಂಬ ಲೆಕ್ಕದಲ್ಲಿ ಇತಿಹಾಸಕಾರರು ಒಮ್ಮತಕ್ಕೆ ಬಂದಿಲ್ಲ. ಹತ್ತಾರು ಸಾವಿರ ಎಂಬುದರಲ್ಲಿ ಅನುಮಾನವಿಲ್ಲ. ದಾರಿಯಲ್ಲಿ ಸತ್ತರು, ಸೆರೆಯಲ್ಲಿ ಸತ್ತರು. 1799ರಲ್ಲಿ ಪಟ್ಟಣ ಬಿದ್ದಾಗ ಉಳಿದವರು ಊರಿಗೆ ಮರಳಿ ಕೆಡವಿದ ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಈ ನೋವು ಸುಳ್ಳಲ್ಲ. ಇದನ್ನು ಈಗ ಮುಸಲ್ಮಾನರ ಮೇಲೆ ಎತ್ತಿ ಹೊಡೆಯಲು ದೊಣ್ಣೆ ಮಾಡಿಕೊಳ್ಳುವವರಿದ್ದಾರೆ. ಅವರೊಂದಿಗೆ ನಮಗೆ ಮಾತಿಲ್ಲ.

ನಮ್ಮ ಪ್ರಶ್ನೆ ಬೇರೆ. ಹದಿನೈದು ವರ್ಷದ ಸೆರೆ ಆ ಜನರಿಂದ ಹೊಲ, ಮನೆ, ಇಗರ್ಜಿ, ಮಕ್ಕಳು ಎಲ್ಲವನ್ನೂ ಕಿತ್ತುಕೊಂಡಿತು. ಜಾತಿಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಬಾಮಣ್, ಚಾರೊಡಿ, ಸುದಿರ್ ಎಂಬ ಭೇದಗಳು ಗೋವಾದಿಂದ ಬಂದವು, ಘಟ್ಟ ಹತ್ತಿದವು, ಇಳಿದವು, ಮದುವೆಯ ಮಾತುಕತೆಯಲ್ಲಿ ಹಾಗೇ ಕುಳಿತುಕೊಂಡವು. ವಿಶ್ವಾಸದ ಜೊತೆ ಜಾತಿಯೂ ಹುತಾತ್ಮರ ಛಲದಿಂದಲೇ ಉಳಿಯಿತು! ಇದನ್ನು ಯಾವ ಪ್ರಸಂಗವೂ ದೃಢತೆಯ ಉದಾಹರಣೆಯಾಗಿ ಹೇಳುವುದಿಲ್ಲ.

ಬಾಸೆಲ್ ಮಿಶನ್ ಇನ್ನೊಂದು ದಾರಿ ಹಿಡಿಯಿತು. ಸಭೆಯೊಳಗೆ ಜಾತಿ ಇಟ್ಟುಕೊಳ್ಳಬಾರದು ಎಂದು ಪಟ್ಟು ಹಿಡಿಯಿತು. ಸೇರಿದವನು ಮನೆ, ಕುಲಕಸುಬು, ಗೇಣಿ ಭೂಮಿ ಎಲ್ಲ ಕಳಕೊಂಡು ಬೀದಿಗೆ ಬೀಳುತ್ತಿದ್ದ. ಹೊಟ್ಟೆಗೆ ದಾರಿ ಬೇಕಲ್ಲ? ಹಾಗೆ ಹುಟ್ಟಿದವು ನೇಯ್ಗೆಯ ಮಗ್ಗಗಳು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚು ದೇಶವಿಡೀ ಹೋಯಿತು. ಅದರ ಜೇಡಿ ತುಳಿದ ಕಾಲುಗಳ ಕಥೆ ಎಲ್ಲಿಗೂ ಹೋಗಲಿಲ್ಲ.

1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯ ಕ್ರೈಸ್ತನಾದಾಗ ಊರು ಅಲ್ಲೋಲಕಲ್ಲೋಲವಾಯಿತು. ಅವನು ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಬಂದ. ಅದು ಚರಿತ್ರೆಯಲ್ಲಿ ಅಧ್ಯಾಯವಾಯಿತು. ಆಗಲಿ, ಅವನ ತ್ಯಾಗ ದೊಡ್ಡದೇ. ಅದಾಗಿ ಹದಿನೈದು ವರ್ಷ ತುಂಬುವುದರೊಳಗೆ ಕೊಡಗಿನಲ್ಲಿ ಇನ್ನೊಂದು ಘಟನೆ ನಡೆಯಿತು. ಜಮ್ಮಾ ಭೂಮಿಗೆ ಕಟ್ಟಿಬಿದ್ದು ತಲೆತಲಾಂತರ ಜೀತ ಮಾಡುತ್ತಿದ್ದ ಹೊಲೆಯರು ಹರ್ಮನ್ ಮೋಗ್ಲಿಂಗ್ ಬಳಿ ಬಂದರು. ಅವರಿಗಾಗಿ ಆನಂದಪುರ ಎಂಬ ಊರೇ ಆಯಿತು. ಗುಲಾಮಗಿರಿಗೆ ಕೋರ್ಟಿನ ಮನ್ನಣೆಯನ್ನು 1843ರ ಕಾಯ್ದೆ ತೆಗೆದುಹಾಕಿದ್ದರೂ ಕಾಗದದ ಮಾತು ಕಾಡಿನೊಳಗಿನ ತೋಟದವರೆಗೆ ಬಂದಿರಲಿಲ್ಲ. ಒಡೆಯನ ಕಣ್ಣೆದುರೇ ಎದ್ದು ಬಂದ ಆ ಮೊದಲ ಮನೆಗಳವರ ಛಲ ಎಂಥದು? ಬ್ರಾಹ್ಮಣ ಬಿಟ್ಟದ್ದು ಕುಲದ ಮನ್ನಣೆ. ಹೊಲೆಯ ಬಿಟ್ಟದ್ದು ಒಡೆಯನ ಭಯ. ಎರಡನೆಯದೇ ಕಷ್ಟ. ಆದರೆ ಮೊದಲಿನವನಿಗೆ ಜೀವನಚರಿತ್ರೆ ಸಿಕ್ಕಿತು, ಎರಡನೆಯವನು ವರದಿಯಲ್ಲಿ ಒಂದು ಅಂಕಿಯಾಗಿ ಉಳಿದ.

ವಿಧವೆ ಮತ್ತು ನ್ಯಾಯಾಧಿಪತಿ

ಹಾಗಾದರೆ ಕ್ರೈಸ್ತ ಗ್ರಂಥದಲ್ಲಿ ನಮಗೆ ಬೇಕಾದ ಛಲ ಇಲ್ಲವೇ? ಇದೆ. ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದಲ್ಲಿ ಯೇಸು ಒಂದು ಸಾಮತಿ ಹೇಳುತ್ತಾನೆ. ಒಂದು ಊರಲ್ಲಿ ಒಬ್ಬ ನ್ಯಾಯಾಧಿಪತಿ. ದೇವರಿಗೂ ಹೆದರುವವನಲ್ಲ, ಮನುಷ್ಯರನ್ನೂ ಲೆಕ್ಕಕ್ಕೆ ಇಡುವವನಲ್ಲ. ಅದೇ ಊರಲ್ಲಿ ಒಬ್ಬಳು ವಿಧವೆ. ಅವಳಿಗೆ ಅನ್ಯಾಯವಾಗಿದೆ. ಅವಳು ಬರುತ್ತಾಳೆ, ನ್ಯಾಯ ಕೊಡು ಎನ್ನುತ್ತಾಳೆ. ಅವನು ಕೊಡುವುದಿಲ್ಲ. ಮತ್ತೆ ಬರುತ್ತಾಳೆ. ಮತ್ತೆ ಮತ್ತೆ ಬರುತ್ತಾಳೆ. ಕಡೆಗೆ ಇವಳ ಕಾಟ ತಡೆಯಲಾರದೆ ಅವನು ನ್ಯಾಯ ಕೊಡುತ್ತಾನೆ.

ಪೀಠದಿಂದ ಇದನ್ನು ಬೇಸರಪಡದೆ ಪ್ರಾರ್ಥಿಸಬೇಕು ಎಂಬುದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಸರಿ, ಸುವಾರ್ತೆಯೂ ಹಾಗೇ ಹೇಳುತ್ತದೆ. ಆದರೆ ಕಥೆಯ ಒಳಗಿರುವ ಹೆಂಗಸು ಮನೆಯಲ್ಲಿ ಕೂತು ಮಣಿ ಎಣಿಸಲಿಲ್ಲ. ಕೋರ್ಟಿನ ಬಾಗಿಲಿಗೆ ಹೋದಳು. ಅವಳ ಪ್ರಾರ್ಥನೆಗೆ ಕಾಲಿತ್ತು, ಗಂಟಲಿತ್ತು. ಅವಳು ಕೇಳಿದ್ದು ಸಮಾಧಾನವನ್ನಲ್ಲ, ನ್ಯಾಯವನ್ನು.

ನಮ್ಮ ನಾಡಿನಲ್ಲಿ ಆ ವಿಧವೆ ಯಾರು? ದಲಿತ ಕ್ರೈಸ್ತ. ಅವನು ಬಾಗಿಲು ತಟ್ಟಲು ಶುರುಮಾಡಿ ಎಪ್ಪತ್ತೈದು ವರ್ಷವಾಯಿತು. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳ ಆದೇಶ ಹೊರಟಿತು. ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮದವನು ಪರಿಶಿಷ್ಟ ಜಾತಿಗೆ ಸೇರಿದವನಲ್ಲ ಎಂದು ಅದರ ಮೂರನೇ ಕಂಡಿಕೆ ಹೇಳಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಸೇರಿಸಿದ್ದು ನ್ಯಾಯವೇ. ಕ್ರೈಸ್ತನೂ ಮುಸಲ್ಮಾನನೂ ಹೊರಗೇ ಉಳಿದರು. ಅದಕ್ಕೇ ಆಗಸ್ಟ್ 10ನ್ನು ಅವರು ಕರಾಳ ದಿನ ಎಂದು ಆಚರಿಸುತ್ತಾರೆ.

ಸುಪ್ರೀಂ ಕೋರ್ಟಿನ 1985ರ ಸೂಸೈ ಪ್ರಕರಣವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಆದಿದ್ರಾವಿಡ ಒಬ್ಬ. ಸರ್ಕಾರ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಅವನಿಗೆ ಕೊಡಲಿಲ್ಲ, ಕ್ರೈಸ್ತ ಅಂತ. ಅದೇ ಬಿಸಿಲು, ಅದೇ ಉಳಿ, ಅದೇ ಚರ್ಮ. ಗೂಡಂಗಡಿಗೆ ಮಾತ್ರ ಮತ ಬೇಕು! ಮತಾಂತರದ ಮೇಲೂ ಜಾತಿಯ ಬಾಧೆ ಅಷ್ಟೇ ತೀವ್ರವಾಗಿ ಉಳಿದಿದೆ ಎಂದು ತೋರಿಸುವ ಆಧಾರ ಸಾಲದು ಎಂದು ಕೋರ್ಟು ಅರ್ಜಿ ತಳ್ಳಿಹಾಕಿತು. ಆಧಾರ ಬೇಕಾದರೆ ತಮಿಳುನಾಡಿನ ಕ್ರೈಸ್ತ ಸ್ಮಶಾನಗಳಲ್ಲಿ ಹೆಣಗಳ ನಡುವೆ ಕಟ್ಟಿದ ಗೋಡೆಗಳನ್ನು ನೋಡಬಹುದಿತ್ತು.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಮೂರನೇ ಕಂಡಿಕೆಯನ್ನೇ ತೆಗೆದುಹಾಕಿ ಎಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಇನ್ನೊಂದು ಆಯೋಗ ನೇಮಿಸಿ ಎರಡು ವರ್ಷ ಕೊಟ್ಟರು. ಆಮೇಲೆ ಗಡುವು ಮುಂದಕ್ಕೆ ಹೋಯಿತು. ನೋಡಿ, ‘ತಾಳು’ ಎಂಬ ಮಾತಿಗೆ ಎರಡನೇ ಅರ್ಥ ಇಲ್ಲಿ ಬಂತು.

ಇದರ ಫಲ ಏನು? ವಿಶ್ವಾಸದಲ್ಲಿ ದೃಢವಾಗಿರು, ಅದನ್ನು ಬಹಿರಂಗವಾಗಿ ಒಪ್ಪಿಕೋ ಎಂದು ಸಭೆ ಹೇಳುತ್ತದೆ. ಒಪ್ಪಿಕೊಂಡರೆ ಹಾಸ್ಟೆಲ್ ಸೀಟು ಬಿಡು, ಸ್ಕಾಲರ್‌ಶಿಪ್ ಬಿಡು ಎಂದು ಸರ್ಕಾರ ಹೇಳುತ್ತದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಸೇರಿಸಿದ್ದಾರೆ. ಅದು ಪರಿಶಿಷ್ಟ ಜಾತಿಯ ಹಕ್ಕಿಗೆ ಸಮವಲ್ಲ. ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಅದರಿಂದ ಸಿಗುವುದಿಲ್ಲ. ಹೊಡೆಯುವವನು ಜಾತಿ ನೋಡಿ ಹೊಡೆಯುತ್ತಾನೆ, ಠಾಣೆಯಲ್ಲಿ ಮತ ನೋಡಿ ಕೇಸು ಬರೆಯುತ್ತಾರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಎರಡು ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಒಂದು, ಸಭೆಯ ಪುಸ್ತಕದಲ್ಲಿ ಒಂದು. ಇದನ್ನು ಹೇಡಿತನ ಅನ್ನುವವರಿದ್ದಾರೆ, ಮೋಸ ಅನ್ನುವವರೂ ಇದ್ದಾರೆ. ಎರಡು ಹೆಸರಿನ ನಡುವೆ ಸೀಳಿಕೊಂಡೂ ಮುರಿಯದೆ ಬದುಕುವ ಈ ಛಲಕ್ಕೆ ಯಾವ ಸಂತನ ಚರಿತ್ರೆ ಸಮ?

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಮೀಕ್ಷೆಗೆ ಹೊರಟಿತು. ಜಾತಿಯ ಹೆಸರಿನ ಮುಂದೆ ‘ಕ್ರಿಶ್ಚಿಯನ್’ ಎಂದು ಬರೆದ ಪಟ್ಟಿ ಕಂಡು ದೊಡ್ಡ ಗದ್ದಲವಾಯಿತು. ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಎಂದು ಕೂಗಿದರು. ಹಲವು ಹೆಸರುಗಳನ್ನು ಕಾಣದಂತೆ ಮಾಡಿದರು. ಪಟ್ಟಿಯಿಂದ ಮರೆಯಾದದ್ದು ಕೇರಿಯಿಂದ ಮರೆಯಾಗುತ್ತದೆಯೇ? ಸಭೆಗಳೂ ಇಲ್ಲಿ ಬಾಯಿ ಬಿಚ್ಚಬೇಕು. ತಮ್ಮೊಳಗೆ ಜಾತಿ ತಾರತಮ್ಯ ಇದೆ ಎಂದು ಭಾರತದ ಕ್ಯಾಥೊಲಿಕ್ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ಲಿಖಿತವಾಗಿ ಒಪ್ಪಿಕೊಂಡು ದಲಿತ ಸಬಲೀಕರಣದ ನೀತಿ ಪ್ರಕಟಿಸಿತು. 2022ರಲ್ಲಿ ಹೈದರಾಬಾದಿನ ಆಂಟನಿ ಪೂಲಾ ಕಾರ್ಡಿನಲ್ ಆದರು. ಆ ಪದವಿಗೆ ಏರಿದ ಮೊದಲ ದಲಿತ. ಎರಡು ಸಾವಿರ ವರ್ಷದ ಧರ್ಮದಲ್ಲಿ ಇದಕ್ಕೆ ಇಷ್ಟು ಕಾಯಬೇಕಾಯಿತು!

ಮನಸ್ಸಿಲ್ಲದವರ ಪಟ್ಟಿ

2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನಲ್ಲಿ ಮಿಲಾಗ್ರಿಸ್ ಹತ್ತಿರದ ಕನ್ಯಾಸ್ತ್ರೀಯರ ಆರಾಧನಾ ಮಠಕ್ಕೆ ನುಗ್ಗಿದರು. ಪ್ರಾರ್ಥನಾ ಮಂದಿರಗಳನ್ನು ಒಡೆದರು. ನೆಪ, ಮತಾಂತರ. ದಾಳಿಗಳ ವಿಚಾರಣೆಗೆ ಆಯೋಗ ಬಂತು, ವರದಿ ಬಂತು. ಆಮೇಲೆ ಕಾನೂನೇ ಬಂತು. 2022ರ ಕರ್ನಾಟಕದ ಮತಾಂತರ ತಡೆ ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು. ಇವರನ್ನು ಮತಾಂತರಿಸಿದರೆ ಶಿಕ್ಷೆ ಹೆಚ್ಚು, ಹತ್ತು ವರ್ಷದವರೆಗೂ ಜೈಲು.

ಈ ಪಟ್ಟಿಯನ್ನು ಒಂದು ಪದ್ಯವನ್ನು ಓದುವ ಹಾಗೆ ನಿಧಾನ ಓದಬೇಕು. ಯಾರ ಪಕ್ಕದಲ್ಲಿ ಯಾರನ್ನು ಕೂರಿಸಿದ್ದಾರೆ? ಮಗು, ಹುಚ್ಚ, ಹೆಂಗಸು, ಹೊಲೆಯ. ಮನುಸ್ಮೃತಿಗೆ ಹೊಸ ಗೆಜೆಟ್ ಮುದ್ರೆ. ಬ್ರಾಹ್ಮಣ ಮತ ಬದಲಿಸಿದರೆ ಅದು ಅವನ ವಿಚಾರ. ದಲಿತ ಬದಲಿಸಿದರೆ ಅಕ್ಕಿಯ ಆಸೆ. ನಮಗೆ ಹೊಟ್ಟೆ ಮಾತ್ರ ಇದೆ, ಮನಸ್ಸಿಲ್ಲ ಎಂಬುದು ಇವರ ನಂಬಿಕೆ. 1935ರಲ್ಲಿ ಯೇವಲದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿ, ಇಪ್ಪತ್ತೊಂದು ವರ್ಷ ಓದಿ, ಯೋಚಿಸಿ, 1956ರಲ್ಲಿ ನಾಗಪುರದಲ್ಲಿ ಬುದ್ಧನ ಕಡೆ ನಡೆದ ಅಂಬೇಡ್ಕರ್ ಈ ಪಟ್ಟಿಯಲ್ಲಿ ಎಲ್ಲಿ ಕೂರುತ್ತಾರೆ? ಹುಚ್ಚರ ಸಾಲಿನಲ್ಲೋ, ಮಕ್ಕಳ ಸಾಲಿನಲ್ಲೋ? ಈ ಕಾಯ್ದೆ ರದ್ದು ಮಾಡುವುದಾಗಿ ರಾಜ್ಯದ ಸಚಿವ ಸಂಪುಟ 2023ರ ಜೂನಿನಲ್ಲಿ ತೀರ್ಮಾನಿಸಿತು. ಕಾಯ್ದೆ ರದ್ದಾದರೂ ಅದರ ಹಿಂದಿನ ಬುದ್ಧಿ ರದ್ದಾಗುವುದಿಲ್ಲ. ದಲಿತನಿಗೆ ದೃಢ ನಿರ್ಧಾರ ಎಂಬುದೇ ಇರಲಾರದು ಎಂದು ಕಾನೂನೂ ನಂಬಿದೆ, ಕನಿಕರದ ಉಪದೇಶವೂ ನಂಬಿದೆ. ದ್ವೇಷಿಸುವವನಿಗೂ ಕನಿಕರಪಡುವವನಿಗೂ ಇರುವ ಒಳ ಒಪ್ಪಂದ ಇದು.

ಇಬ್ಬರು ಜೆಸ್ವಿಟರು

ಕಂಕನಾಡಿಯ ಮುಲ್ಲರ್ ಪಕ್ಕದಲ್ಲಿ ಇನ್ನೊಬ್ಬ ಜೆಸ್ವಿಟನನ್ನು ನಿಲ್ಲಿಸಿ ನೋಡೋಣ. ಸ್ಟ್ಯಾನ್ ಸ್ವಾಮಿ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನಲ್ಲಿ 1975ರಿಂದ 1986ರವರೆಗೆ ಕಾರ್ಯಕರ್ತರನ್ನು ತರಬೇತುಗೊಳಿಸಿದವರು. ಆಮೇಲೆ ಜಾರ್ಖಂಡಿಗೆ ಹೋದರು. ಆದಿವಾಸಿಗಳ ನೆಲ ಯಾಕೆ ಹೋಗುತ್ತಿದೆ, ಅವರ ಹುಡುಗರು ವಿಚಾರಣೆಯಿಲ್ಲದೆ ಜೈಲಿನಲ್ಲಿ ಯಾಕೆ ಕೊಳೆಯುತ್ತಿದ್ದಾರೆ ಎಂದು ಕೇಳಿದರು. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನು ಬಂಧಿಸಿದರು. ವಯಸ್ಸು ಎಂಬತ್ತಮೂರು. ಪಾರ್ಕಿನ್‌ಸನ್ ಕಾಯಿಲೆಯಿಂದ ಲೋಟ ಹಿಡಿಯಲಾಗದ ಕೈಗೆ ನೀರು ಹೀರುವ ಕೊಳವೆಗಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, ಜಾಮೀನು ಸಿಗದೆ, ಮುಂಬಯಿಯ ಆಸ್ಪತ್ರೆಯಲ್ಲಿ ತೀರಿಕೊಂಡರು.

ಒಂದೇ ಸಂಘದ ಇಬ್ಬರು ಪಾದ್ರಿಗಳು. ಒಬ್ಬರು ಗಾಯ ತೊಳೆದರು, ಗೌರವ ಬಂತು. ಇನ್ನೊಬ್ಬರು ಗಾಯ ಮಾಡಿದವನು ಯಾರು ಎಂದು ಕೇಳಿದರು, ಜೈಲು ಬಂತು. ಇಬ್ಬರದೂ ಛಲವೇ. ಮುಲ್ಲರ್ ಹಾದಿ ಬೇಡ ಎಂದಲ್ಲ, ಅದು ಅರ್ಧ ಹಾದಿ. ಗಾಯ ತೊಳೆಯುವ ಕೈ ಒಂದಲ್ಲ ಒಂದು ದಿನ ಪ್ರಶ್ನೆ ಕೇಳುವ ಬಾಯಿಯಾಗಲೇಬೇಕು. ಹಾಗಾಗದಿದ್ದರೆ ಗಾಯಗಳೂ ನಿಲ್ಲುವುದಿಲ್ಲ, ಆಸ್ಪತ್ರೆಯೂ ಸಾಲುವುದಿಲ್ಲ.

ಕ್ರೈಸ್ತರೊಳಗೇ ಈ ಪ್ರಶ್ನೆ ಹುಟ್ಟಿಲ್ಲ ಎಂದಲ್ಲ. 1979ರಲ್ಲಿ ಇಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅದಾಗಿ ಎರಡೇ ವರ್ಷಕ್ಕೆ, 1981ರಲ್ಲಿ, ಅದೇ ಬೆಂಗಳೂರಿನಲ್ಲಿ ಅರವಿಂದ ನಿರ್ಮಲ್ ಎಂಬ ಅಧ್ಯಾಪಕರು ಭಾರತದ ಕ್ರೈಸ್ತ ದೇವತಾಶಾಸ್ತ್ರ ಬ್ರಾಹ್ಮಣ ಚಿಂತನೆಯ ಹಿಂದೆ ಹೋಯಿತು, ಇನ್ನು ಕೆಳಗಿನವರ ಅನುಭವದಿಂದ ಶುರುಮಾಡಬೇಕು ಎಂದು ವಾದಿಸಿದರು. ದಲಿತ ದೇವತಾಶಾಸ್ತ್ರ ಅಲ್ಲಿಂದ ಬೆಳೆಯಿತು. ಒಂದೇ ಊರಿನಲ್ಲಿ ಒಂದೇ ಕಾಲಕ್ಕೆ ಎದ್ದ ಈ ಎರಡು ದನಿಗಳು ಒಂದನ್ನೊಂದು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ನಾವು ಪಾದ್ರಿಗಳ ಮಾತು ಎಂದು ಬಿಟ್ಟೆವು, ಅವರು ಸಾಹಿತ್ಯದವರ ಗಲಾಟೆ ಎಂದು ಬಿಟ್ಟರು. ಈ ನಷ್ಟ ತುಂಬಬೇಕಾಗಿದೆ.

ಕಂಕನಾಡಿಯಲ್ಲಿ ಆಸ್ಪತ್ರೆ ಒಂದೇ ಇರುವುದಲ್ಲ. ಕೋಟಿ ಚೆನ್ನಯರ ಗರಡಿಯೂ ಇದೆ. ತಮ್ಮ ಗದ್ದೆಗೆ ಅಡ್ಡ ಬಂದ ಬುದ್ಯಂತನ ಮುಂದೆ ತಾಳಿಕೊಳ್ಳದೆ ಎದ್ದುನಿಂತ ಬಿಲ್ಲವ ಅಣ್ಣತಮ್ಮಂದಿರ ಗರಡಿ. ಅವರ ಪಾಡ್ದನವನ್ನು ಬಾಯಿಂದ ಬಾಯಿಗೆ ಉಳಿಸಿದವರಲ್ಲಿ ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರಿದ್ದಾರೆ. ಯಾವ ಮುದ್ರಣಾಲಯವೂ ಅವರಿಗೆ ಸಹಾಯ ಮಾಡಲಿಲ್ಲ. ಹಾಗಿದ್ದರೆ ಹೆಂಚಿನ ಕಾರ್ಖಾನೆಯಲ್ಲಿ ಜೇಡಿ ತುಳಿದವಳ ಪಾಡ್ದನ ಎಲ್ಲಿದೆ? ಆನಂದಪುರಕ್ಕೆ ನಡೆದು ಬಂದವರದು ಎಲ್ಲಿದೆ? ಕುಷ್ಠಾಶ್ರಮದಲ್ಲಿ ಮುದುಕರಾದವರದು ಎಲ್ಲಿದೆ? ಎರಡು ಹೆಸರಿನ ಹುಡುಗಿಯದು ಎಲ್ಲಿದೆ?

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯ ಗೆಳತಿಯರೇ, ಈ ಕೆಲಸ ಈಗ ನಮ್ಮದು. ನಿಮ್ಮೂರಿನ ಸಣ್ಣ ಇಗರ್ಜಿಯ, ಶೀಟಿನ ಪ್ರಾರ್ಥನಾ ಮಂದಿರದ ಅಜ್ಜ ಅಜ್ಜಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಯಾಕೆ ಹೋದಿರಿ ಎಂದು ಪೊಲೀಸರ ಹಾಗೆ ಕೇಳಬೇಡಿ. ಹೇಗೆ ನಿಂತಿರಿ ಎಂದು ಕೇಳಿ. ಅವರು ತುಳುವಿನಲ್ಲಿ ಹೇಳಲಿ, ಕೊರಗ ಮಾತಿನಲ್ಲಿ ಹೇಳಲಿ, ಮುರುಕು ಕನ್ನಡದಲ್ಲಿ ಹೇಳಲಿ, ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಅವರ ದೇವರನ್ನು ನಾವು ನಂಬಬೇಕಾಗಿಲ್ಲ. ಅವರು ಮನುಷ್ಯರಾಗಿ ನಿಂತ ರೀತಿಯನ್ನು ನಂಬಿದರೆ ಸಾಕು.

ತಾಳ್ಮೆ ಬೇಡ ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತೈದು ವರ್ಷ ಒಂದೇ ಬಾಗಿಲನ್ನು ತಟ್ಟುವುದಕ್ಕೆ ಎಷ್ಟು ತಾಳ್ಮೆ ಬೇಕು ಎಂದು ಆ ಜನರಿಗೆ ಗೊತ್ತು. ಆ ತಾಳ್ಮೆಯನ್ನು ಅವರಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಇನ್ನು ಮೇಲೆ ಪ್ರಸಂಗ ಮಾಡುವವರು ಪೀಠದಿಂದ ಇಳಿದು, ಬಾಗಿಲ ಒಳಗೆ ಕೂತವನ ಕಡೆ ತಿರುಗಿ ಮಾತಾಡಲಿ. ಹೊರಗೆ ನಿಂತವಳಿಗೆ ‘ತಾಳು’ ಎಂದದ್ದು ಸಾಕು.